ತೋಳಿನ ಬಿಲ್ಲೆ, ಕಾಲಿನ ಚೆಂಡು

ಅಮೆರಿಕದ ಉಪನಗರಗಳಲ್ಲಿ ಹನ್ನೊಂದು ಹನ್ನೆರಡರ ಹುಡುಗಿಯೊಬ್ಬಳು ಚೆಂಡನ್ನು ನಾಲ್ಕು ಜನ ಮೆಚ್ಚುವ ಹಾಗೆ ಆಡಿಸುತ್ತಾಳೆ ಎಂದು ಗೊತ್ತಾಯಿತೋ, ಆ ಮನೆಯ ಊಟದ ಹೊತ್ತಿನ ಮಾತೆಲ್ಲ ಎರಡು ಹೆಸರುಗಳ ಸುತ್ತ ಗಿರಕಿ ಹೊಡೆಯತೊಡಗುತ್ತದೆ. ಒಂದು ಇಸಿಎನ್‌ಎಲ್, ಅಂದರೆ ಎಲೀಟ್ ಕ್ಲಬ್ಸ್ ನ್ಯಾಷನಲ್ ಲೀಗ್. ಇನ್ನೊಂದು ಜಿಎ, ಅಂದರೆ ಗರ್ಲ್ಸ್ ಅಕಾಡೆಮಿ. ಎರಡೂ ದೇಶದುದ್ದಕ್ಕೂ ಹಬ್ಬಿರುವ ಬಾಲಕಿಯರ ಫುಟ್‌ಬಾಲ್ ಲೀಗ್‌ಗಳು. ಇದಕ್ಕಿಂತ ಮೇಲಿನ ಮಟ್ಟ ಇನ್ನಿಲ್ಲ ಎಂದು ಎರಡೂ ಹೇಳಿಕೊಳ್ಳುತ್ತವೆ. ಎರಡರ ಬಿಲ್ಲೆಯೂ ಜೆರ್ಸಿಯ ತೋಳಿನ ಮೇಲೆ ಕೂರುತ್ತದೆ. ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತ ಅಪ್ಪ ಅಮ್ಮಂದಿರ ನಡುವೆ ಇವುಗಳಲ್ಲಿ ಯಾವುದು ಮೇಲು ಎಂಬ ವಾದ ಪಂದ್ಯ ಮುಗಿದರೂ ಮುಗಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಟೆಕ್ಸಸ್‌ನ ಫ್ರಿಸ್ಕೊದಂಥ ಊರುಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಈ ವಾದ ಹೊಸದಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಲ್ಲೆಯನ್ನು ನೋಡಿ ಮಗಳ ಆಟದ ಭವಿಷ್ಯವನ್ನು ತೂಗುವವರು ಫಸಲನ್ನೂ ಗೊಬ್ಬರವನ್ನೂ ಅದಲುಬದಲು ಮಾಡಿಕೊಂಡಿದ್ದಾರೆ.

ಹೇಗೆ ಎಂದು ತಿಳಿಯಲು ಈ ಲೀಗ್‌ಗಳು ಹುಟ್ಟಿದ ಬಗೆಯನ್ನು ನೋಡಬೇಕು. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ 1972ರ ಟೈಟಲ್ ನೈನ್ ಕಾನೂನಿನ ನಂತರ ಅಮೆರಿಕದ ಕಾಲೇಜುಗಳಲ್ಲಿ ಮಹಿಳಾ ಫುಟ್‌ಬಾಲ್ ತಂಡಗಳು ಒಂದರ ಹಿಂದೊಂದು ಎದ್ದವು; 1982ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ಮೊದಲ ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಶಿಪ್ ನಡೆಯಿತು. ಕಾಲೇಜಿನಲ್ಲಿ ಜಾಗವಿದೆ ಎಂದಾದ ಮೇಲೆ ಆ ಜಾಗಕ್ಕೆ ಹುಡುಗಿಯರನ್ನು ತಯಾರು ಮಾಡುವ ಖಾಸಗಿ ಕ್ಲಬ್‌ಗಳೂ ಬೆಳೆದವು. 2007ರಲ್ಲಿ ರಾಷ್ಟ್ರೀಯ ಫೆಡರೇಷನ್ ಹುಡುಗರಿಗೆಂದು ಡೆವಲಪ್‌ಮೆಂಟ್ ಅಕಾಡೆಮಿ ತೆರೆಯಿತು. ಹುಡುಗಿಯರ ನೆನಪು ಅದಕ್ಕೆ ಆಗಲಿಲ್ಲ. ಆ ಖಾಲಿ ಜಾಗದಲ್ಲಿ 2009ರಲ್ಲಿ ನಲವತ್ತು ಕ್ಲಬ್‌ಗಳು ತಾವೇ ಕೂಡಿ ಕಟ್ಟಿಕೊಂಡದ್ದು ಇಸಿಎನ್‌ಎಲ್. ಅದು ಬೇರುಬಿಟ್ಟು ಎಂಟು ವರ್ಷವಾದ ಮೇಲೆ, 2017ರಲ್ಲಿ, ಫೆಡರೇಷನ್ನಿಗೆ ಎಚ್ಚರವಾಗಿ ಹುಡುಗಿಯರ ಡೆವಲಪ್‌ಮೆಂಟ್ ಅಕಾಡೆಮಿಯೂ ಬಂತು. ಅದರ ಕಟ್ಟಳೆ ಬಿಗಿ: ಹೆಚ್ಚು ಅಭ್ಯಾಸ, ಬದಲಿ ಆಟಗಾರ್ತಿಯರ ಮೇಲೆ ಮಿತಿ, ಎಲ್ಲಕ್ಕಿಂತ ಮುಖ್ಯವಾಗಿ ತಮ್ಮ ಹೈಸ್ಕೂಲ್ ತಂಡಕ್ಕೆ ಆಡುವಂತಿಲ್ಲ. ಇಸಿಎನ್‌ಎಲ್ ಹೈಸ್ಕೂಲ್ ಆಟಕ್ಕೆ ಅಡ್ಡಿ ಮಾಡಲಿಲ್ಲ. ಗೆಳತಿಯರ ಜೊತೆ ಶಾಲೆಯ ಹೆಸರು ಹೊತ್ತು ಆಡುವ ಖುಷಿಯನ್ನು ಬಿಟ್ಟುಕೊಡಬೇಕೇ ಎಂಬ ಪ್ರಶ್ನೆಯಲ್ಲಿ ಕ್ಲಬ್‌ಗಳು ಹೋಳಾದವು. ಫೆಡರೇಷನ್ನಿನ ಕಡೆ ಹೋದ ಕೆಲವು ಕ್ಲಬ್‌ಗಳು ಹಿಂದಿರುಗಿದವು. 2020ರ ಏಪ್ರಿಲ್‌ನಲ್ಲಿ, ಕೊರೊನಾದ ಮೊದಲ ವಾರಗಳಲ್ಲೇ, ಫೆಡರೇಷನ್ ಹಣದ ಕಾರಣ ಕೊಟ್ಟು ಅಕಾಡೆಮಿಗೆ ಬೀಗ ಹಾಕಿತು. ಉಳಿದುಹೋದ ಕ್ಲಬ್‌ಗಳು ಅದೇ ವರ್ಷ ಒಟ್ಟಾಗಿ ಗರ್ಲ್ಸ್ ಅಕಾಡೆಮಿ ಎಂಬ ಲೀಗ್ ಮಾಡಿಕೊಂಡವು. ಇನ್ನು ಕೆಲವು ಇಸಿಎನ್‌ಎಲ್‌ನ ಬಾಗಿಲು ತಟ್ಟಿದವು.

ಆ ಬೇಸಿಗೆಯಲ್ಲಿ ಏನಾಯಿತು ಎಂಬುದನ್ನು ನಿಧಾನವಾಗಿ ನೋಡಬೇಕು. ಒಂದು ಕ್ಲಬ್ಬಿನ ತೋಳಿನ ಮೇಲಿದ್ದ ಬಿಲ್ಲೆ ರಾತ್ರೋರಾತ್ರಿ ಬದಲಾಯಿತು. ಮೈದಾನ ಅದೇ, ಕೋಚ್‌ಗಳಲ್ಲಿ ಬಹುಪಾಲು ಅವರೇ, ಹುಡುಗಿಯರೂ ಅವರೇ, ಮಂಗಳವಾರ ಗುರುವಾರದ ಅಭ್ಯಾಸವೂ ಅದೇ. ಬಿಲ್ಲೆಗೇ ಆಟಗಾರ್ತಿಯನ್ನು ರೂಪಿಸುವ ಶಕ್ತಿಯಿದ್ದಿದ್ದರೆ ಜಿಎಗೆ ಹೋದ ಹುಡುಗಿಯರು ಒಂದೇ ಋತುವಿನಲ್ಲಿ ಕುಂದಬೇಕಿತ್ತು, ಇಸಿಎನ್‌ಎಲ್‌ಗೆ ಜಿಗಿದವರು ಒಮ್ಮೆಗೇ ಅರಳಬೇಕಿತ್ತು. ಆಗಿದ್ದೇನೆಂದರೆ, ಹೆಸರಿನ ಹಿಂದೆ ಆಟಗಾರ್ತಿಯರು ಓಡಿದರು. ಯಾವ ಕ್ಲಬ್ಬಿಗೆ ಹೆಚ್ಚು ಬೇಡಿಕೆಯ ಬಿಲ್ಲೆ ಸಿಕ್ಕಿತೋ ಅದರ ಟ್ರೈಔಟ್‌ಗೆ ಮರುವರ್ಷ ನೆರೆಯ ಊರಿನ ಒಳ್ಳೆಯ ಹುಡುಗಿಯರೂ ಬಂದರು, ತಂಡ ಬಲವಾಯಿತು, ಬಲವಾದದ್ದನ್ನು ಕಂಡವರು ಬಿಲ್ಲೆಯ ಮಹಿಮೆ ಎಂದರು. ನಮ್ಮ ಓದುಗರಿಗೆ ಈ ಲೆಕ್ಕ ಹೊಸದಲ್ಲ. ಸಿಇಟಿ ಫಲಿತಾಂಶದ ಮರುದಿನ ಪತ್ರಿಕೆಯ ಮುಖಪುಟ ತುಂಬ ರ‍್ಯಾಂಕ್ ಪಡೆದವರ ಫೋಟೊ ಹಾಕಿಸುವ ಪಿಯು ಕಾಲೇಜು, ಆ ಮಕ್ಕಳನ್ನು ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ನೋಡಿ ಸೇರಿಸಿಕೊಂಡಿತು ಎಂಬುದನ್ನು ಆ ಜಾಹೀರಾತಿನಲ್ಲಿ ಹೇಳುವುದಿಲ್ಲ. ಲೀಗ್‌ಗಳು ಪ್ರತಿ ವರ್ಷ ಹೊರಡಿಸುವ ‘ನಮ್ಮಿಂದ ಕಾಲೇಜಿಗೆ ಹೋದವರು’ ಎಂಬ ಪಟ್ಟಿಯನ್ನೂ ಅದೇ ಕಣ್ಣಿನಿಂದ ಓದಬೇಕು.

ಇನ್ನೂ ಒಂದು ತೊಡಕಿದೆ. ಈ ಲೀಗ್‌ಗಳ ಸದಸ್ಯತ್ವ ಸಿಗುವುದು ಕ್ಲಬ್ಬಿಗೆ, ಆಡುವುದು ತಂಡ. ಯುರೋಪಿನ ಲೀಗುಗಳಲ್ಲಿ ಸೋತ ತಂಡ ಕೆಳಗಿಳಿಯುತ್ತದೆ, ಗೆದ್ದದ್ದು ಮೇಲೇರುತ್ತದೆ. ಇಲ್ಲಿ ಹಾಗಲ್ಲ. ಲೀಗ್ ಕ್ಲಬ್ಬನ್ನು ಒಳಗೆ ಕರೆದುಕೊಳ್ಳುತ್ತದೆ, ಅದರ ಹದಿಮೂರರ ಕೆಳಗಿನವರಿಂದ ಹತ್ತೊಂಬತ್ತರ ಕೆಳಗಿನವರವರೆಗೆ ಎಲ್ಲ ವಯೋಗುಂಪುಗಳೂ ಒಟ್ಟಿಗೆ ಒಳಬರುತ್ತವೆ. ಹೀಗಾಗಿ 2010ರಲ್ಲಿ ಹುಟ್ಟಿದವರ ತಂಡ ಭೇಷ್ ಎನಿಸಿದ ಕ್ಲಬ್ಬಿನಲ್ಲೇ 2012ರವರ ತಂಡ ವಾರವಾರವೂ ಐದಾರು ಗೋಲುಗಳಿಂದ ಸೋಲುತ್ತಿರಬಹುದು. ಎರಡಕ್ಕೂ ಒಂದೇ ಬಿಲ್ಲೆ. ನಲವತ್ತು ಕ್ಲಬ್‌ಗಳಿಂದ ಹೊರಟ ಇಸಿಎನ್‌ಎಲ್‌ನ ಬಾಲಕಿಯರ ವಿಭಾಗ ಇಂದು ನೂರನ್ನು ದಾಟಿದೆ. ನೂರು ಕ್ಲಬ್, ಆರು ವಯೋಗುಂಪು, ತಂಡಕ್ಕೆ ಇಪ್ಪತ್ತು ಜನ ಎಂದು ಬೆರಳೆಣಿಸಿದರೂ ಹನ್ನೆರಡು ಸಾವಿರ ಹುಡುಗಿಯರು. ಹನ್ನೆರಡು ಸಾವಿರ ಜನರನ್ನು ಒಟ್ಟಿಗೆ ‘ಎಲೀಟ್’ ಎನ್ನಲು ಬಹಳ ಉದಾರ ಮನಸ್ಸು ಬೇಕು. ಪಂದ್ಯದ ಗೋಲುಗಳ ಅಂತರ ನೋಡಿ ತಂಡಗಳಿಗೆ ಅಂಕ ಕೊಡುವ ರ‍್ಯಾಂಕಿಂಗ್ ಆ್ಯಪ್‌ಗಳನ್ನು ಪೋಷಕರು ಜಾತಕದ ಹಾಗೆ ದಿನಾ ತೆರೆದು ನೋಡುತ್ತಾರೆ. ಎರಡೂ ಲೀಗ್‌ಗಳ ತಂಡಗಳು ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ಅವೇ ತೋರಿಸುತ್ತವೆ: ತುತ್ತತುದಿಯಲ್ಲಿ ಇಸಿಎನ್‌ಎಲ್‌ನ ತಂಡಗಳು ಹೆಚ್ಚಿರಬಹುದು, ನಡುಮಟ್ಟಕ್ಕೆ ಬಂದರೆ ಬಿಲ್ಲೆ ನೋಡಿ ಗೆಲ್ಲುವವರನ್ನು ಊಹಿಸುವುದು ಕಷ್ಟ. ಮಗಳು ಆಡುವುದು ಲೀಗಿನ ಸರಾಸರಿಯಲ್ಲಿ ಅಲ್ಲವಲ್ಲ. ಒಂದು ಕ್ಲಬ್ಬಿನ ಒಂದು ವಯಸ್ಸಿನ ಒಂದು ತಂಡದಲ್ಲಿ, ಒಬ್ಬ ಕೋಚ್‌ನ ಕೈಕೆಳಗೆ.

‘ಕಾಲೇಜು ಕೋಚ್‌ಗಳು ಬರುವುದು ಎಲ್ಲಿಗೆ, ಅದನ್ನು ಹೇಳಿ’ ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪ. ಗಟ್ಟಿಯಾದ ಆಕ್ಷೇಪವೇ. ಸಣ್ಣ ಸಿಬ್ಬಂದಿಯ, ಮಿತ ಬಜೆಟ್ಟಿನ ಕಾಲೇಜು ತಂಡಕ್ಕೆ ದೇಶವೆಲ್ಲ ಅಲೆದು ಆಟಗಾರ್ತಿಯರನ್ನು ಹುಡುಕುವುದು ಆಗದ ಮಾತು. ಫೀನಿಕ್ಸ್‌ನಲ್ಲೋ ಫ್ಲಾರಿಡಾದಲ್ಲೋ ಒಂದೇ ಮೈದಾನ ಸಮುಚ್ಚಯದಲ್ಲಿ ವಾರಾಂತ್ಯಕ್ಕೆ ನೂರಾರು ಪಂದ್ಯ ನಡೆಯುವ ಶೋಕೇಸ್ ಕೂಟಕ್ಕೆ ಅವರು ಬರುತ್ತಾರೆ. ಇಸಿಎನ್‌ಎಲ್‌ನ ಕೂಟಗಳಲ್ಲಿ ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರ ಕೋಚ್‌ಗಳ ಸಾಲು ಉದ್ದವಾಗಿಯೇ ಇರುತ್ತದೆ. ಇದನ್ನು ಅಲ್ಲಗಳೆದು ವಾದ ಗೆಲ್ಲುವ ಆಸೆ ನನಗಿಲ್ಲ. ಆದರೆ ಆ ಸಾಲಿನಿಂದ ಹುಡುಗಿಗೆ ಪ್ರಯೋಜನವಾಗುವುದು ಯಾವಾಗ? ಎನ್‌ಸಿಎಎ ನಿಯಮದಂತೆ ಹತ್ತನೇ ತರಗತಿ ಮುಗಿದ ಜೂನ್ 15ರವರೆಗೆ ಡಿವಿಷನ್ ಒಂದರ ಕೋಚ್ ಅವಳೊಡನೆ ಆಯ್ಕೆಯ ಮಾತು ಎತ್ತುವಂತಿಲ್ಲ. ಅಂದರೆ ಬಿಲ್ಲೆ ಅಂಗಡಿಯ ಫಲಕದಂತೆ ಕೆಲಸ ಮಾಡುವುದು ಹದಿನೈದರಿಂದ ಹದಿನೇಳರ ಆಸುಪಾಸಿನಲ್ಲಿ. ಹನ್ನೊಂದರ ಹುಡುಗಿಗೆ ‘ಪ್ರೀ-ಇಸಿಎನ್‌ಎಲ್’ ಎಂಬ ಹೆಸರಿಟ್ಟು ಶುಲ್ಕ ಕೀಳುವ ತಂಡಕ್ಕಾಗಿ, ಅವಳನ್ನು ಚೆನ್ನಾಗಿ ಬಲ್ಲ ಕೋಚ್‌ನನ್ನು ಬಿಟ್ಟು ಹೋಗಲು ಈ ಕಾರಣ ಸಾಲದು.

ಕಾಲೇಜಿನ ಆ ಬಾಗಿಲೂ ಮೊದಲಿನಷ್ಟು ಅಗಲವಾಗಿಲ್ಲ. ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವ ಹುಡುಗಿಯರು ಮೂರೂವರೆ ಲಕ್ಷಕ್ಕೂ ಹೆಚ್ಚು; ಡಿವಿಷನ್ ಒಂದರಲ್ಲಿರುವ ಮಹಿಳಾ ತಂಡಗಳು ಮುನ್ನೂರು ಚಿಲ್ಲರೆ. ತೀರ ಇತ್ತೀಚಿನವರೆಗೆ ಒಂದು ತಂಡ ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನ ಹದಿನಾಲ್ಕು. ಅದನ್ನೇ ಇಪ್ಪತ್ತೈದು ಮೂವತ್ತು ಜನರಿಗೆ ಹಂಚುತ್ತಿದ್ದರು. 2025ರಲ್ಲಿ ಕಾಲೇಜು ಕ್ರೀಡಾಪಟುಗಳ ಸಂಭಾವನೆ ಕುರಿತ ಹೌಸ್ ಪ್ರಕರಣದ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದ ಮೇಲೆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಆ ಮಿತಿ ಹೋಯಿತು, ಬದಲಿಗೆ ಅವುಗಳ ತಂಡದಲ್ಲಿ ಇಪ್ಪತ್ತೆಂಟು ಜನಕ್ಕಿಂತ ಹೆಚ್ಚು ಇರುವಂತಿಲ್ಲ ಎಂಬ ಹೊಸ ಮಿತಿ ಬಂತು. ಕಾಲೇಜು ಬದಲಿಸಬಯಸುವ ಆಟಗಾರ್ತಿಯರು ಹೆಸರು ನೋಂದಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲಂತೂ ಕೋಚ್‌ಗೆ ಹದಿನೇಳರ ಹುಡುಗಿಯ ಮೇಲೆ ಪಣ ಕಟ್ಟುವುದಕ್ಕಿಂತ ಬೇರೆ ಕಾಲೇಜಿನಲ್ಲಿ ಎರಡು ವರ್ಷ ಪಳಗಿದ ಇಪ್ಪತ್ತರವಳನ್ನು ಕರೆತರುವುದು ಸುಲಭ. ನಮ್ಮವರು ಬಾಯಿ ಚಪ್ಪರಿಸುವ ಐವಿ ಲೀಗ್ ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಪ್ರವೇಶಕ್ಕೆ ಕೋಚ್‌ನ ಒತ್ತಾಸೆ ಸಿಕ್ಕೀತು, ಆದರೆ ಓದಿನಲ್ಲೂ ಗಟ್ಟಿಯಿರಬೇಕು. ಕ್ಲಬ್ ಶುಲ್ಕ, ವಿಮಾನ, ಹೋಟೆಲು ಎಂದು ವರ್ಷಕ್ಕೆ ಹಲವು ಸಾವಿರ ಡಾಲರ್ ಸುರಿದು ಆರು ವರ್ಷದ ಕೊನೆಗೆ ‘ವಿದ್ಯಾರ್ಥಿವೇತನದಲ್ಲಿ ವಾಪಸು ಬರುತ್ತದೆ’ ಎನ್ನುವ ಮನೆಗಳಲ್ಲಿ ಯಾರೂ ಕ್ಯಾಲ್ಕುಲೇಟರ್ ಹಿಡಿದಂತಿಲ್ಲ.

ಎರಡನೆಯ ಆಕ್ಷೇಪ ಆಟದೊಳಗಿನದು, ಹಾಗಾಗಿ ನನಗೆ ಹೆಚ್ಚು ಇಷ್ಟವಾದದ್ದು: ಗಟ್ಟಿ ಎದುರಾಳಿ ಇಲ್ಲದೆ ಆಟ ಬೆಳೆಯುವುದುಂಟೇ? ಇಲ್ಲ. ಚೆಂಡು ಕಾಲಿಗೆ ಬಂದ ಕ್ಷಣವೇ ಮೈಮೇಲೆ ಬೀಳುವ ಎದುರಾಳಿ ಇದ್ದರಷ್ಟೇ ಹುಡುಗಿ ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ತಿರುಗಿ ನೋಡುವುದನ್ನು ಕಲಿಯುತ್ತಾಳೆ. ಸಡಿಲ ಪಂದ್ಯದಲ್ಲಿ ನಾಲ್ಕು ಜನರನ್ನು ದಾಟಿ ಗೋಲು ಹೊಡೆದವಳಿಗೆ ಆ ಅಭ್ಯಾಸ ಬರುವುದೇ ಇಲ್ಲ. ಆದರೆ ಈ ಲಾಭ ಸಿಗುವುದು ಅಂಗಣದ ಒಳಗೆ ಇದ್ದವಳಿಗೆ. ಹೆಸರುವಾಸಿ ತಂಡದ ಹದಿನೇಳನೆಯವಳಾಗಿ ಕೊನೆಯ ಹದಿನೈದು ನಿಮಿಷ ಇಳಿಯುವವಳು, ಇನ್ನೊಂದು ಲೀಗಿನ ತಂಡದ ನಡುಅಂಗಣದಲ್ಲಿ ಪೂರ್ತಿ ಪಂದ್ಯ ಆಡಿ ತಪ್ಪು ಮಾಡಿ ತಿದ್ದಿಕೊಳ್ಳುವವಳಿಗಿಂತ ಬೇಗ ಬೆಳೆಯುತ್ತಾಳೆ ಎಂದು ನಂಬಿಸಲು ಆಟ ಬಲ್ಲ ಯಾರಿಂದಲೂ ಆಗದು. ವಾರದಲ್ಲಿ ಮೂರು ನಾಲ್ಕು ದಿನದ ಅಭ್ಯಾಸದಲ್ಲಿ ಎದುರಾಗುವವರು ತನ್ನದೇ ತಂಡದವರು, ಅವರ ಮಟ್ಟ ಮುಖ್ಯ. ಶನಿವಾರದ ಎದುರಾಳಿ ಆಮೇಲೆ. ಇದರ ಜೊತೆಗೆ ದಾರಿಯ ಲೆಕ್ಕವೂ ಇದೆ. ಅಭ್ಯಾಸಕ್ಕೆ ಹೋಗಿಬರಲು ಎರಡೂವರೆ ಗಂಟೆ ಕಾರಿನಲ್ಲಿ ಕೂರುವ ಹುಡುಗಿ ಆ ಹೊತ್ತಿನಲ್ಲಿ ಮನೆಯ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತಿರುವುದಿಲ್ಲ, ನಿದ್ದೆಯನ್ನೂ ಮಾಡುತ್ತಿರುವುದಿಲ್ಲ. ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿಯುವ ಅಪಾಯ ಹದಿಹರೆಯದ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಎಂಬುದು ಕ್ರೀಡಾ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅದನ್ನು ತಗ್ಗಿಸಲು ಫಿಫಾ ರೂಪಿಸಿದ ‘11+’ ಎಂಬ ಇಪ್ಪತ್ತು ನಿಮಿಷದ ವ್ಯಾಯಾಮ ಸರಣಿಯನ್ನು ಈ ಕೋಚ್ ತಪ್ಪದೆ ಮಾಡಿಸುತ್ತಾರೆಯೇ? ಟ್ರೈಔಟ್ ದಿನ ಪೋಷಕರು ಲೀಗಿನ ಬಗ್ಗೆ ಕೇಳುವ ಹತ್ತು ಪ್ರಶ್ನೆಗಳಲ್ಲಿ ಇದೊಂದು ಇದ್ದರೆ ನನಗೆ ಆಶ್ಚರ್ಯ.

ಮೇಲೆ ಹೋದವರ ದಾರಿಗಳನ್ನು ನೋಡಿದರೂ ಒಂದೇ ರಸ್ತೆ ಕಾಣುವುದಿಲ್ಲ. ಟ್ರಿನಿಟಿ ರಾಡ್‌ಮನ್ ಸೋಕಾಲ್ ಬ್ಲೂಸ್ ಎಂಬ ಇಸಿಎನ್‌ಎಲ್ ಕ್ಲಬ್ಬಿನಿಂದ ಬಂದು, ಕಾಲೇಜಿಗೆ ಒಂದೂ ಪಂದ್ಯ ಆಡದೆ ವೃತ್ತಿಪರ ಮಹಿಳಾ ಲೀಗಿನ 2021ರ ಡ್ರಾಫ್ಟ್‌ನಲ್ಲಿ ಎರಡನೆಯವಳಾಗಿ ಆಯ್ಕೆಯಾದವಳು. ಲೀಗಿನ ಪರ ವಾದಿಸುವವರಿಗೆ ಒಳ್ಳೆಯ ಸಾಕ್ಷಿ. ಆದರೆ 2023ರಲ್ಲಿ ಹೈಸ್ಕೂಲಿನಿಂದಲೇ ಮೊದಲ ಆಯ್ಕೆಯಾದ ಅಲಿಸ್ಸಾ ಥಾಂಪ್ಸನ್ ತಂಗಿಯೊಡನೆ ಹುಡುಗರ ಎಂಎಲ್‌ಎಸ್ ನೆಕ್ಸ್ಟ್ ಲೀಗಿನಲ್ಲಿ ಹುಡುಗರ ತಂಡಕ್ಕೆ ಆಡಿದವಳು. ಅಲೆಕ್ಸ್ ಮಾರ್ಗನ್ ಸ್ಪರ್ಧಾತ್ಮಕ ಕ್ಲಬ್ ಸೇರಿದ್ದೇ ಹದಿನಾಲ್ಕರಲ್ಲಿ. 2025ರ ಜನವರಿಯಲ್ಲಿ ಚೆಲ್ಸಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡ ನಯೋಮಿ ಗಿರ್ಮಾ ಚೆಂಡು ಹಿಡಿದದ್ದು ಸ್ಯಾನ್ ಹೋಸೆಯಲ್ಲಿ ಇಥಿಯೋಪಿಯ ಮೂಲದ ಕುಟುಂಬಗಳು ವಾರಾಂತ್ಯಕ್ಕೆ ಕೂಡಿ ಮಕ್ಕಳನ್ನು ಆಡಿಸುತ್ತಿದ್ದ ಮೈದಾನದಲ್ಲಿ. ಅದರ ಹಿಂದಿದ್ದವರು ಅವಳ ತಂದೆ. ಅದೇ ಊರಿನ ಸುತ್ತ ಅಷ್ಟೊಂದು ಕನ್ನಡ ಮನೆಗಳಿವೆ. ಕನ್ನಡ ಕೂಟದವರು ರಾಜ್ಯೋತ್ಸವದ ಜೊತೆಗೆ ಒಂದು ಚೆಂಡನ್ನೂ ಉರುಳಿಸಿದರೆ ತಪ್ಪಿಲ್ಲ. ಮಗಳು ಮುಂದೊಂದು ದಿನ ಭಾರತದ ನೀಲಿ ತೊಟ್ಟಾಳು ಎಂದು ಕನಸುವವರಿಗೆ ಒಂದು ಮಾತು: ಒಸಿಐ ಚೀಟಿ ಅದಕ್ಕೆ ಸಾಲದು, ಭಾರತದ ಪಾಸ್‌ಪೋರ್ಟೇ ಬೇಕು. ಅಲ್ಲಿ ಯಾವ ಬಿಲ್ಲೆಯೂ ನೆರವಿಗೆ ಬಾರದು.

ಈಗ ವಯಸ್ಸಿನ ಗೆರೆಯೂ ಸರಿಯುತ್ತಿದೆ. ಸುಮಾರು ಒಂದು ದಶಕದಿಂದ ಜನವರಿ 1ಕ್ಕಿದ್ದ ಗಡಿಯನ್ನು, ಶಾಲೆಯ ತರಗತಿಗೆ ಹೊಂದುವಂತೆ, 2026ರ ಶರತ್ಕಾಲದ ಋತುವಿನಿಂದ ಆಗಸ್ಟ್ 1ಕ್ಕೆ ಒಯ್ಯಲು ಯುಎಸ್ ಯೂತ್ ಸಾಕರ್, ಯುಎಸ್ ಕ್ಲಬ್ ಸಾಕರ್‌ನಂಥ ಸಂಸ್ಥೆಗಳು ನಿರ್ಧರಿಸಿವೆ. ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗಿ ಇಷ್ಟು ದಿನ ತನ್ನ ಗುಂಪಿನಲ್ಲಿ ಕಿರಿಯವಳು, ಮೈಕಟ್ಟಿನಲ್ಲಿ ಹಿಂದೆ, ಎರಡನೆಯ ತಂಡಕ್ಕೆ ತಳ್ಳಿಸಿಕೊಂಡವಳು. ಹೊಸ ಗೆರೆಯಲ್ಲಿ ಅವಳು ಹಿರಿಯರ ಸಾಲಿಗೆ ಬರುತ್ತಾಳೆ. ಮೇ ತಿಂಗಳಿನ ತಂಡದ ಆಯ್ಕೆಯಲ್ಲಿ ಮಾರ್ಚಿನಲ್ಲೋ ಜುಲೈನಲ್ಲೋ ಹುಟ್ಟಿದ ಇನ್ಯಾರದೋ ಜಾಗ ಅವಳದಾಗುತ್ತದೆ. ಅವಳ ಬಲಗಾಲು ಎಡಗಾಲುಗಳಲ್ಲಿ ನಿನ್ನೆಗೂ ಇವತ್ತಿಗೂ ಏನೂ ವ್ಯತ್ಯಾಸವಾಗಿರುವುದಿಲ್ಲ. ಮೊದಲ ತಂಡದ ಬಿಲ್ಲೆ ಕಳೆದುಕೊಂಡ ಹುಡುಗಿಯ ಮನೆಯವರು ಆಗ ಇನ್ನೊಂದು ಲೀಗಿನ ಕ್ಲಬ್ಬಿಗೆ ಫೋನು ಹಚ್ಚುತ್ತಾರೆ. ಆ ಕಡೆಯಿಂದ ಕರೆ ಎತ್ತಿಕೊಂಡವರನ್ನು ಕೇಳಬೇಕಾದ್ದು ಎರಡೇ: ಈ ತಂಡದ ಕೋಚ್ ಯಾರು, ನನ್ನ ಮಗಳಿಗೆ ಎಷ್ಟು ನಿಮಿಷ ಆಟ?