ಮಾದರಿ ಪ್ರೋಗ್ರಾಮುಗಳ ರಸಗ್ರಹಣ

ವಿಂಡೋ, ಬಟನ್, ಪಟ್ಟಿ, ಬರೆಯುವ ಚೌಕ ಮೊದಲಾದವನ್ನು ಪ್ರೋಗ್ರಾಮರನಿಗೆ ಸಿದ್ಧಪಡಿಸಿ ಕೊಡುವ ಟೂಲ್‌ಕಿಟ್‌ಗಳ ಜೊತೆಗೆ, ಅವುಗಳ ಬಳಕೆ ಕಲಿಸಲೆಂದು ನಿರ್ಮಾತೃಗಳೇ ಬರೆದಿಡುವ ಮಾದರಿ ಪ್ರೋಗ್ರಾಮುಗಳು ಬರುತ್ತವೆ. ಅವುಗಳಿಗೂ ಒಂದು ರಚನಾಸೌಂದರ್ಯವಿದೆ ಎಂಬುದನ್ನು ಗಮನಿಸುವವರು ಕಡಿಮೆ. ಬಹುತೇಕರು ಮಾದರಿಯನ್ನು ಒಮ್ಮೆ ಓಡಿಸಿ, ಬಣ್ಣ ಮಿನುಗಿದರೆ ತಲೆದೂಗಿ, ಬೇಕಾದ ನಾಲ್ಕು ಸಾಲು ನಕಲಿಸಿಕೊಂಡು ಹೊರಟುಬಿಡುತ್ತಾರೆ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಬಂದು ಹಾಸ್ಯಕ್ಕಷ್ಟೇ ನಕ್ಕು, ಸತ್ಯಭಾಮೆ ಹಾಡತೊಡಗಿದಾಗ ಎದ್ದುಹೋಗುವ ಪ್ರೇಕ್ಷಕರಿಗೂ ಇವರಿಗೂ ಅಂತರವಿಲ್ಲ. ತರಬೇತಿ ಕೇಂದ್ರಗಳು ಉರುಹೊಡೆಸುವ ಕ್ಯಾಲ್ಕುಲೇಟರ್ ಮತ್ತು ಲಾಗಿನ್ ಫಾರ್ಮ್‌ಗಳಂತೂ ಒಂದೇ ಅಳತೆಯ ಬಟನ್‌ಗಳನ್ನು ಸಾಲಾಗಿ ಕೂರಿಸುವುದನ್ನು ಬಿಟ್ಟು ಮತ್ತೇನನ್ನೂ ಕಲಿಸುವುದಿಲ್ಲ.

ಜಾನ್ ಔಸ್ಟರ್‌ಹೌಟ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ರೂಪಿಸಿದ ಟಿಕೆ ಟೂಲ್‌ಕಿಟ್‌ನೊಂದಿಗೆ ‘ವಿಜೆಟ್’ ಎಂಬ ಮಾದರಿ ಸಂಗ್ರಹವಿದೆ. ಅದರ ಪ್ರತಿಯೊಂದು ಮಾದರಿಯ ಕೆಳಗೂ ಕೋಡ್ ತೋರಿಸುವ ಬಟನ್ ಇದ್ದು, ತೆರೆದ ಕೋಡನ್ನು ಅಲ್ಲಿಯೇ ತಿದ್ದಿ ಮತ್ತೆ ಓಡಿಸಬಹುದು. ಪ್ರಸ್ತುತ ಲೇಖಕನಿಗೆ ಈ ಕಲೆಯ ರುಚಿ ಹತ್ತಿದ್ದು ಆ ಸೌಲಭ್ಯದಿಂದಲೇ: ‘ಎಡಕ್ಕೆ’ ಎಂದಿದ್ದ ಒಂದು ಪದವನ್ನು ‘ಮೇಲಕ್ಕೆ’ ಎಂದು ಬದಲಿಸಿದೊಡನೆ, ಅಡ್ಡಲಾಗಿದ್ದ ಬಟನ್‌ಗಳ ಸಾಲು ಎದ್ದು ಕಂಬದಂತೆ ನಿಂತುಬಿಟ್ಟಿತು.

ರಸಿಕನು ಯಾವ ಮಾದರಿಯನ್ನು ತೆರೆದರೂ ಮೊದಲು ವಿಂಡೋದ ಮೂಲೆ ಹಿಡಿದು ಎಳೆಯಬೇಕು. ಒಳಗಿನ ವಸ್ತುಗಳಲ್ಲಿ ಯಾವುದು ಹಿಗ್ಗುತ್ತದೆ, ಯಾವುದು ಇದ್ದಲ್ಲೇ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವ ಏರ್ಪಾಟಿಗೆ ಲೇಔಟ್ ಎಂದು ಹೆಸರು. ಪ್ರೋಗ್ರಾಮಿನ ಯೋಗ್ಯತೆಯೆಲ್ಲ ಬಯಲಾಗುವುದು ಇಲ್ಲಿಯೇ. ಟಿಕೆಯ ‘ಪ್ಲೇಸ್’ ವಿಧಾನದಲ್ಲಿ ವಸ್ತುಗಳನ್ನು ಅಳತೆ ಹಾಕಿ ಮೊಳೆ ಹೊಡೆದಂತೆ ಕೂರಿಸಲು ಸಾಧ್ಯ. ‘ಗ್ರಿಡ್’ ವಿಧಾನದಲ್ಲಿ ಅಡ್ಡಸಾಲು, ಕಂಬಸಾಲುಗಳ ಮನೆಗಳಿದ್ದು, ‘ತೂಕ’, ಅಂದರೆ ಹಿಗ್ಗುವ ಪಾಲು, ಕೊಡುವ ತನಕ ಯಾವ ಸಾಲೂ ಹಿಗ್ಗುವುದಿಲ್ಲ, ಏಕೆಂದರೆ ಆರಂಭದ ತೂಕ ಸೊನ್ನೆ.

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಅಸಂಗಿಯಂಥ ಗಡಿ ಊರಿನಲ್ಲಿ ಈ ಪರೀಕ್ಷೆಗೆ ಹೆಚ್ಚಿನ ಮಹತ್ವವಿದೆ, ಏಕೆಂದರೆ ಅಲ್ಲಿ ಒಂದೇ ಬಟನ್ ಎರಡು ಭಾಷೆಯಲ್ಲಿ ಮಾತಾಡಬೇಕಾಗುತ್ತದೆ. ಮರಾಠಿಯ ‘ರದ್ದ ಕರಾ’ ಎರಡು ಪದಗಳಾಗಿ ಅಗಲ ಕೇಳಿದರೆ, ಕನ್ನಡದ ‘ರದ್ದು’ ಅಗಲದಲ್ಲಿ ಸಣ್ಣದಾದರೂ ಒತ್ತಕ್ಷರವನ್ನು ಕೆಳಗೆ ಇಳಿಬಿಟ್ಟು ಎತ್ತರ ಕೇಳುತ್ತದೆ. ‘ಮುಚ್ಚು’ ಎಂಬುದೂ ಹಾಗೆಯೇ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಪಿಕ್ಸೆಲ್ ಎಣಿಸಿ ಬಟನ್ ಮಾಡಿದ ಮಾದರಿಯಲ್ಲಿ ಒತ್ತಿನ ಬುಡವೇ ಕತ್ತರಿಸಿಹೋಗುತ್ತದೆ. ಯೂನಿಕೋಡ್‌ನಲ್ಲಿ ‘ರದ್ದು’ ಎಂಬುದು ರ, ದ, ವಿರಾಮ, ದ, ಉಕಾರ ಎಂಬ 5 ಸಂಕೇತಗಳ ಸರಣಿ. ಕಣ್ಣಿಗೆ ಕಾಣುವುದು 2 ಅಕ್ಷರ. ಸಂಕೇತಗಳನ್ನು ಹೀಗೆ ಕೂಡಿಸಿ ಒತ್ತಕ್ಷರವಾಗಿಸುವ ಕೆಲಸ ಲಿನಕ್ಸ್‌ನ ಟಿಕೆ 8.6ಕ್ಕೆ ಬಾರದು; ಜಿಟಿಕೆ ಟೂಲ್‌ಕಿಟ್ ಮಾತ್ರ ಅದನ್ನು ಪ್ಯಾಂಗೊ, ಹಾರ್ಫ್‌ಬಝ್ ಎಂಬ ಲೈಬ್ರರಿಗಳಿಗೆ ಒಪ್ಪಿಸಿ ಸರಿಯಾಗಿ ಮೂಡಿಸುತ್ತದೆ. ಆದ್ದರಿಂದ ಕನ್ನಡದ ಹೊಸಬನು ಜಿಟಿಕೆಯ ಮಾದರಿ ಸಂಗ್ರಹವಾದ ‘ಜಿಟಿಕೆ-ಡೆಮೊ’ದಿಂದ ಆರಂಭಿಸಿ, ಅಲ್ಲಿನ ಬಟನ್‌ಗಳ ಹೆಸರನ್ನು ಕನ್ನಡಕ್ಕೆ ಬದಲಿಸಿ ನೋಡುವುದು ಲೇಸು.

ಮೆನು, ಬಣ್ಣ ಆರಿಸುವ ಚೌಕ, ಸಂದೇಶಪೆಟ್ಟಿಗೆಗಳ ಮಾದರಿಗಳನ್ನು ಒಮ್ಮೆ ಕಣ್ಣಾಡಿಸಿದರೆ ಸಾಕು. ಕ್ಯೂಟಿ ಟೂಲ್‌ಕಿಟ್‌ನ ಮುಳ್ಳಿನ ಗಡಿಯಾರವನ್ನು ಮಾತ್ರ ಬಿಡಬಾರದು: ವಿಂಡೋದ ಅಗಲ, ಎತ್ತರಗಳಲ್ಲಿ ಚಿಕ್ಕದನ್ನು ಹಿಡಿದು, ಅದನ್ನು 200 ಪಾಲು ಮಾಡಿ ಚಿತ್ರ ಬಿಡಿಸುವುದರಿಂದ, ಮೂಲೆ ಎಷ್ಟು ಎಳೆದರೂ ಮುಖ ಗುಂಡಗೇ ಇರುತ್ತದೆ.

ಟೂಲ್‌ಕಿಟ್‌ಗಳ ಹೋಲಿಕೆಗೆಂದು ಯೂಗೆನ್ ಕಿಸ್ ರೂಪಿಸಿದ ಏಳು ಮಾದರಿ ಕೆಲಸಗಳಲ್ಲಿ ಉಷ್ಣಾಂಶ ಪರಿವರ್ತಕವೂ ಒಂದು. ಸೆಲ್ಸಿಯಸ್ ಚೌಕದಲ್ಲಿ ಬರೆದರೆ ಫ್ಯಾರನ್‌ಹೀಟ್ ಚೌಕ ಬದಲಾಗಬೇಕು, ಅದರಲ್ಲಿ ಬರೆದರೆ ಇದು. ಸಂಖ್ಯೆಯಲ್ಲದ್ದನ್ನು ಬರೆದರೆ ಇನ್ನೊಂದು ಚೌಕ ಮಿಸುಕಬಾರದು. ಅಲ್ಲಿ ಕನ್ನಡ ಅಂಕಿಯಲ್ಲಿ ‘೩೭’ ಎಂದು ಬರೆದು ನೋಡಬೇಕು: ಜಾವಾಸ್ಕ್ರಿಪ್ಟ್‌ನ ‘ನಂಬರ್’ ಅದನ್ನು ಸಂಖ್ಯೆಯೇ ಅಲ್ಲವೆನ್ನುತ್ತದೆ, ಪೈಥಾನ್‌ನ ‘ಫ್ಲೋಟ್’ ಒಪ್ಪಿಕೊಂಡು ಆಚೆಯ ಚೌಕಕ್ಕೆ 98.6 ತಲುಪಿಸುತ್ತದೆ.