ಬಿಡುವುದು ಮೊದಲು, ತಿದ್ದುವುದು ಆಮೇಲೆ

ಬೆಂಗಳೂರಿನ ಜೆಪಿ ನಗರದ ಷೇರು ದಲ್ಲಾಳಿ ಸಂಸ್ಥೆ ಜೆರೋಧಾದ ಕೈಟ್ ಕನೆಕ್ಟ್ ಪೈಥಾನ್ ಲೈಬ್ರರಿ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಷೇರು ವಹಿವಾಟಿಗೆ ಸ್ವಂತ ಪ್ರೋಗ್ರಾಂ ಬರೆಯುವವರು ಬಳಸುವ ಈ ಲೈಬ್ರರಿ, 5ನೇ ಆವೃತ್ತಿಯಲ್ಲಿ ಪೈಥಾನ್ 2.7ರ ಬೆಂಬಲ ಕೈಬಿಟ್ಟಿತು. ಇಂಥ ಲೈಬ್ರರಿಗೆ ಬದಲಾವಣೆ ಟಿಪ್ಪಣಿ ಹೇಗಿರಬೇಕೆಂದು ತೋರಿಸಲು ನಾಲ್ಕು ಸಾಲು ನಾನೇ ಬರೆದು, ಒಂದೊಂದಾಗಿ ಬಿಡಿಸಿದ್ದೇನೆ.

ಸಾಲು 1: "ಪೈಥಾನ್ 2.7ಕ್ಕೆ ಬೆಂಬಲ ಇಲ್ಲ. ಮುಖ್ಯ ಆವೃತ್ತಿ ಸಂಖ್ಯೆ ಬದಲಾಗಿದೆ."

2015ಕ್ಕೇ ಮುಗಿಯಬೇಕಿದ್ದ 2.7ರ ಆಯುಸ್ಸನ್ನು ಪೈಥಾನ್ ತಂಡ 2020ರ ಜನವರಿ 1ರವರೆಗೆ ವಿಸ್ತರಿಸಿತ್ತು. ಕೊನೆಯ ಬಿಡುಗಡೆ 2.7.18 ಆ ವರ್ಷದ ಏಪ್ರಿಲ್‌ನಲ್ಲಿ ಬಂತು. ಆಮೇಲೆ ಭದ್ರತಾ ದೋಷ ಸಿಕ್ಕರೂ ಮೂಲ ತಂಡ ಸರಿಪಡಿಸುವುದಿಲ್ಲ. ಜನರ ದುಡ್ಡು ಓಡಾಡುವ ಕೋಡ್‌ಗೆ ಇದು ಸಣ್ಣ ವಿಷಯವಲ್ಲ. 4 ಹೋಗಿ 5 ಬಂದಿದ್ದು ಕಂಡರೆ ಬಳಕೆದಾರರು ಓದಿ ನೋಡಿಯೇ ಅಪ್‌ಗ್ರೇಡ್ ಮಾಡುತ್ತಾರೆ.

ಸಾಲು 2: "ರಿಕ್ವೈರ್ಸ್-ಪೈಥಾನ್: 3.10 ಅಥವಾ ಮೇಲಿನದು."

ಇಡೀ ಟಿಪ್ಪಣಿಯ ಜೀವ ಈ ಸಾಲಿನಲ್ಲಿದೆ. ಪ್ಯಾಕೇಜ್ ಹಾಕುವ ಸಾಧನವಾದ ಪಿಪ್, 9ನೇ ಆವೃತ್ತಿಯಿಂದ ಈಚೆಗೆ, ಇನ್‌ಸ್ಟಾಲ್ ಮಾಡುವಾಗ ಪ್ಯಾಕೇಜಿನ ಮೆಟಾಡೇಟಾದಲ್ಲಿರುವ ಈ ಮಿತಿಯನ್ನೇ ನೋಡುತ್ತದೆ. ಹಳೆಯ ಪೈಥಾನ್ ಇರುವ ಕಂಪ್ಯೂಟರ್‌ಗೆ ಹೊಸದನ್ನು ಹಾಕದೆ, ಅದಕ್ಕೆ ಒಗ್ಗುವ ಕೊನೆಯ ಆವೃತ್ತಿಯನ್ನೇ ಆರಿಸುತ್ತದೆ. ಮೆಟಾಡೇಟಾದಲ್ಲಿ ಈ ಸಾಲು ಮರೆತರೆ ಹೊಸ ಕೋಡ್ ಹಳೆಯ ಪೈಥಾನ್‌ಗೆ ಸಿಕ್ಕಿ ನಿಲ್ಲಬಹುದು, ಅದೂ ಮಾರುಕಟ್ಟೆ ತೆರೆದಿರುವ ಹೊತ್ತಿನಲ್ಲಿ.

ಸಾಲು 3: "ರಫ್ ಲಿಂಟರ್ ಸೇರಿಸಿದೆ."

ಲಿಂಟರ್ ಕೋಡನ್ನು ಓಡಿಸುವುದಿಲ್ಲ, ಓದುತ್ತದೆ. ಬಳಸದ ಇಂಪೋರ್ಟ್, ಎಲ್ಲೂ ವ್ಯಾಖ್ಯಾನಿಸದ ವೇರಿಯಬಲ್‌ಗಳನ್ನು ಎತ್ತಿ ತೋರಿಸುತ್ತದೆ. ಎರಡನೇ ಸಾಲಿನ ಮಿತಿಯನ್ನು pyproject.toml ಫೈಲಿನಲ್ಲಿ ಬರೆದಿದ್ದರೆ, ಬೇರೆ ಹೇಳದ ಹೊರತು ರಫ್ ತನ್ನ ಗುರಿ ಆವೃತ್ತಿಯನ್ನು ಅದರಿಂದಲೇ ತಿಳಿಯುತ್ತದೆ. ಆದ್ದರಿಂದಲೇ ಬಿಡುವುದು ಮೊದಲು, ಲಿಂಟರ್ ಆಮೇಲೆ.

ಆದರೆ ಎಲ್ಲವನ್ನೂ ಲಿಂಟರ್ ಮಾಡದು. ಪೈಥಾನ್ 2, 3 ಎರಡರಲ್ಲೂ ಓಡಲೆಂದು ಕೈಟ್ ಕನೆಕ್ಟ್ ಲೈಬ್ರರಿ 'ಸಿಕ್ಸ್' ಎಂಬ ಪ್ಯಾಕೇಜನ್ನು ನೆಚ್ಚಿಕೊಂಡಿತ್ತು. ಷೇರುಗಳ ಸಿಎಸ್‌ವಿ ಪಟ್ಟಿ ಬಂದಾಗ ಬೈಟ್‌ಗಳನ್ನು ಅಕ್ಷರವಾಗಿಸುವ ಮುನ್ನ 'ಇದು ಪೈಥಾನ್ 2 ಅಲ್ಲ ತಾನೆ' ಎಂದು ಪರೀಕ್ಷಿಸುವ ಷರತ್ತೂ ಇತ್ತು. ಇಂಥ ಷರತ್ತು ಇನ್ನು ಬೇಡ ಎಂದು ತೀರ್ಮಾನಿಸಿ ಅಳಿಸಬೇಕಾದವರು ನಾವು. ಅಳಿಸಿದ ಮೇಲೆ ಕೆಲಸವಿಲ್ಲದೆ ಉಳಿಯುವ ಇಂಪೋರ್ಟನ್ನು ಲಿಂಟರ್ ಹಿಡಿದುಕೊಡುತ್ತದೆ.

ಸಾಲು 4: "ಲಿಂಟರ್ ತಿದ್ದಿದ ಕಮಿಟ್ ಪ್ರತ್ಯೇಕ, ಬ್ಲೇಮ್‌ನಿಂದ ಹೊರಗೆ."

ಲಿಂಟರ್ ಒಮ್ಮೆಗೇ ನೂರಾರು ಸಾಲು ಮುಟ್ಟಿದರೆ, ಪ್ರತಿ ಸಾಲನ್ನು ಕೊನೆಗೆ ಮುಟ್ಟಿದವರು ಯಾರೆಂದು ತೋರಿಸುವ ಗಿಟ್ ಬ್ಲೇಮ್ ಅವನ್ನೆಲ್ಲ ತಿದ್ದಿದವರ ಹೆಸರಿಗೆ ಬರೆಯುತ್ತದೆ. 2019ರ ಗಿಟ್ 2.23ರಿಂದ ಅಂಥ ಕಮಿಟ್‌ಗಳನ್ನು ಒಂದು ಫೈಲಿನಲ್ಲಿ ಪಟ್ಟಿಮಾಡಿ ಬ್ಲೇಮ್‌ನಿಂದ ಹೊರಗಿಡಬಹುದು. ತರ್ಕದ ಬದಲಾವಣೆಯನ್ನೂ ಲಿಂಟರ್ ತಿದ್ದುಪಡಿಯನ್ನೂ ಒಂದೇ ಕಮಿಟ್‌ನಲ್ಲಿ ಬೆರೆಸಿದವರು, ಮುಂದೊಂದು ದಿನ ಆರ್ಡರ್ ತಪ್ಪಾಗಿ ಹೋದಾಗ ಕಾರಣ ಹುಡುಕುವವರ ದಾರಿ ಮುಚ್ಚುತ್ತಾರೆ. ಬೇರೆಬೇರೆ ಇಟ್ಟವರು, ಆ ಸಾಲು ಮೊದಲು ಏಕೆ ಬರೆಯಲಾಯಿತು ಎಂಬ ಉತ್ತರವನ್ನು ಉಳಿಸುತ್ತಾರೆ.