ಸಣ್ಣವರಿಗೂ ಸಾಧ್ಯ ಎಂದ ಮಸ್ಕಿಯ ಬಂಡೆ

ಬೌದ್ಧಧರ್ಮವನ್ನು ಎಲ್ಲಿಂದ ಓದಲು ಶುರು ಮಾಡಬೇಕು ಎಂದು ಪೋತ್ನಾಳ, ಮಾನ್ವಿ ಕಡೆಯವರು ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲು ಮಸ್ಕಿಗೆ ಹೋಗಿ ಬನ್ನಿ, ಪುಸ್ತಕ ಆಮೇಲೆ. ಶಾಸನ ಓದುವ ಹುಚ್ಚು ಹಿಡಿದವನ ಪಕ್ಷಪಾತ ಇದರಲ್ಲಿದೆ, ನಿಜ. ಆದರೆ ನಮ್ಮ ಜಿಲ್ಲೆಯ ಆ ಬಂಡೆಯಷ್ಟು ಚಿಕ್ಕ, ಅದರಷ್ಟು ನೇರವಾದ ಪಾಠ ಬೇರೆ ಕಡೆ ಸಿಗುವುದು ಕಷ್ಟ.

1915ರಲ್ಲಿ ಆ ಬಂಡೆಯ ಮೇಲಿನ ಅಶೋಕನ ಬರಹವನ್ನು ಬೆಳಕಿಗೆ ತಂದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಆಗ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಪಾಠವನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಅವನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂದು ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿಯ ಬಂಡೆ ಹೆಸರನ್ನೇ ಹೇಳಿತು. ಅದರ ಬ್ರಾಹ್ಮಿ ಲಿಪಿ ಕಲಿಯುವವರಿಗೆ ಅಲ್ಲಿನ ‘ಅಸೋಕಸ’ (ಅಶೋಕನ) ಒಳ್ಳೆಯ ಮೊದಲ ಪದ. ಅದರ ‘ಕ’ ಅಕ್ಷರ ಕೂಡಿಸುವ ಚಿಹ್ನೆಯಂತೆ ಇರುತ್ತದೆ. ನಮ್ಮ ಕನ್ನಡದ ‘ಕ’ ಬೆಳೆದು ಬಂದದ್ದು ಅದರಿಂದಲೇ.

ಹೆಸರಿನ ಸುದ್ದಿಯ ಸಡಗರದಲ್ಲಿ ಒಳಗಿನ ಮಾತು ಮರೆಯಾಗಿರುವುದು ನನಗೆ ಬೇಸರದ ಸಂಗತಿ. ಅಲ್ಲಿ ದೊರೆ ಹೇಳುವುದೇನು? ತಾನು ಬುದ್ಧಶಾಕ್ಯನಾಗಿ, ಎಂದರೆ ಬುದ್ಧನ ಅನುಯಾಯಿಯಾಗಿ, ಎರಡೂವರೆ ವರ್ಷ ದಾಟಿದೆ. ಸಂಘದ ಹತ್ತಿರ ಹೋದದ್ದು ಆಮೇಲೆ. ಇದೇ ಶಾಸನದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ ‘ಉಪಾಸಕ’ ಎಂಬ ಮಾತಿದೆ; ಮೊದಲು ತಾನು ಅಷ್ಟಾಗಿ ಪ್ರಯತ್ನಪಡಲಿಲ್ಲ ಎಂದೂ ದೊರೆ ಒಪ್ಪಿಕೊಳ್ಳುತ್ತಾನೆ. ಚಕ್ರವರ್ತಿಯೊಬ್ಬ ಇಂಥ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿದ ಎಂಬುದೇ ನನಗೆ ದೊಡ್ಡದು.

ಉಪಾಸಕನೆಂದರೆ ಮನೆ ಬಿಡದ ಬೌದ್ಧ. ಬುದ್ಧ, ಧಮ್ಮ, ಸಂಘ ಎಂಬ ಮೂರಕ್ಕೆ ಶರಣು ಹೋಗುವವನು. ಕೊಲ್ಲುವುದು, ಕದಿಯುವುದು, ವ್ಯಭಿಚಾರ, ಸುಳ್ಳು, ಅಮಲು ಇವುಗಳಿಂದ ದೂರವಿರುವ ಪಂಚಶೀಲ ಅವನ ನಿಯಮ. ಭಿಕ್ಖು ಭಿಕ್ಖುನಿಯರ ಸಂಘದ ನಿಯಮಗಳು ಇನ್ನೂ ಬಿಗಿ.

ಪಠ್ಯಪುಸ್ತಕದ ಬೌದ್ಧಧರ್ಮ ಶುರುವಾಗುವುದು ಬೇರೆ ಕಡೆಯಿಂದ. ದುಃಖವಿದೆ, ಅದಕ್ಕೆ ತೃಷ್ಣೆ ಕಾರಣ, ಅದು ನಿಲ್ಲಬಲ್ಲದು, ನಿಲ್ಲಿಸಲು ಅಷ್ಟಾಂಗ ಮಾರ್ಗವಿದೆ ಎಂಬ ನಾಲ್ಕು ಆರ್ಯಸತ್ಯಗಳಿಂದ. ಅಶೋಕನ ಶಾಸನಗಳಲ್ಲಿ ಇವು ಎಲ್ಲೂ ಬರುವುದಿಲ್ಲ, ನಿರ್ವಾಣವೂ ಬರುವುದಿಲ್ಲ. ಇದರಿಂದ ಅವನ ಧಮ್ಮ ಬರಿಯ ನೀತಿಬೋಧೆ, ಬೌದ್ಧವಲ್ಲ ಎಂದು ವಾದಿಸಿದವರುಂಟು. ನಾನು ಒಪ್ಪುವುದಿಲ್ಲ. ಕಾರಣ ಮಸ್ಕಿಯ ಬಂಡೆಯ ನಡುವಿನ ಮಾತು. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಗುರಿಯನ್ನು ಮುಟ್ಟಬಲ್ಲ, ದೊಡ್ಡವನಿಗೆ ಮಾತ್ರ ಸಾಧ್ಯವೆಂದು ಭಾವಿಸಬೇಡಿ ಎನ್ನುತ್ತದೆ ಅದು. ಬ್ರಹ್ಮಗಿರಿಯಲ್ಲಿ ಇದನ್ನು ಪ್ರಯತ್ನದ ಫಲವೆಂದು ಬಿಡಿಸಿ ಹೇಳಿದೆ. ಅಷ್ಟಾಂಗ ಮಾರ್ಗದ ಆರನೆಯ ಅಂಗ ಸಮ್ಮಾ ವಾಯಾಮ, ಸರಿಯಾದ ಪ್ರಯತ್ನ. ಮೈಮರೆಯದೆ ದುಡಿಯಿರಿ ಎಂಬುದೇ ಬುದ್ಧನ ಕೊನೆಯ ಮಾತೆಂದು ಪಾಲಿ ಪರಂಪರೆ ಹೇಳುತ್ತದೆ.

ಈ ಪ್ರಯತ್ನಕ್ಕೆ ಬೆಲೆ ಬರುವುದು ಅನಿಚ್ಚ, ಅನತ್ತ ಎಂಬ ಎರಡು ನಂಬಿಕೆಗಳಿಂದ. ಯಾವುದೂ ಶಾಶ್ವತವಲ್ಲ, ಬದಲಾಗದೆ ಒಳಗೆ ಕೂತಿರುವ ಆತ್ಮವೂ ಇಲ್ಲ. ಪೋತ್ನಾಳ ಸೀಮೆಯ ಭತ್ತದ ಗದ್ದೆಗೆ ಬರುವ ಎಡದಂಡೆ ಕಾಲುವೆಯ ನೀರಿನಂತೆ ಮನುಷ್ಯ: ನಿನ್ನೆಯದೇ ಕಾಲುವೆ, ನಿನ್ನೆಯ ನೀರಲ್ಲ. ಹಾಗಿರುವಾಗ ‘ಇವನು ಹುಟ್ಟಿನಿಂದ ಕೀಳು’ ಎಂಬ ಮಾತಿಗೆ ನಿಲ್ಲಲು ನೆಲವೆಲ್ಲಿ? ಎಲ್ಲವೂ ಕಾರಣದಿಂದ ಹುಟ್ಟುತ್ತದೆ, ಕಾರಣ ತೆಗೆದರೆ ಅಡಗುತ್ತದೆ ಎನ್ನುವ ಪಟಿಚ್ಚ ಸಮುಪ್ಪಾದವೂ ಇದಕ್ಕೇ ಒತ್ತು ಕೊಡುತ್ತದೆ. ಅನತ್ತವನ್ನು ನಿರಾಶೆಯ ತತ್ವವೆಂದು ಬಗೆಯುವವರು ಇದನ್ನು ಗಮನಿಸಬೇಕು. ಸಣ್ಣವನು ಸಣ್ಣವನಾಗಿಯೇ ಉಳಿಯಬೇಕಿಲ್ಲ ಎಂಬ ಭರವಸೆ ಅದರೊಳಗಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಡನೆ ತ್ರಿಶರಣ, ಪಂಚಶೀಲ ಸ್ವೀಕರಿಸಿದಾಗ ಹಿಡಿದದ್ದು ಇದೇ ಎಳೆಯನ್ನು. ನಮ್ಮ ಕಲ್ಯಾಣ ಕರ್ನಾಟಕದ ಕೇರಿಗಳಲ್ಲಿ ಇಂದು ಬುದ್ಧವಂದನೆ ಹೇಳುವವರಿಗೆ ಈ ಬಂಡೆ ಪುರಾತತ್ವದ ವಸ್ತು ಮಾತ್ರವಲ್ಲ.

ಜಂಬೂದ್ವೀಪದಲ್ಲಿ ಬೆರೆಯದಿದ್ದ ದೇವತೆಗಳು ಈಗ ಮನುಷ್ಯರೊಂದಿಗೆ ಬೆರೆತಿದ್ದಾರೆ ಎಂಬ ಇನ್ನೊಂದು ಮಾತು ಅಲ್ಲಿದೆ. ಅದರ ಅರ್ಥದ ಬಗ್ಗೆ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಬೌದ್ಧರ ದೇವತೆಗಳೂ ಹುಟ್ಟುಸಾವಿನ ಸಂಸಾರಕ್ಕೆ ಒಳಪಟ್ಟವರೇ ಎಂಬುದನ್ನು ನೆನಪಿಟ್ಟು ಓದಿದರೆ ತೊಡಕು ಸ್ವಲ್ಪ ಸಡಿಲವಾದೀತು.

ಮಸ್ಕಿಯ ಬರಹದಲ್ಲಿ ಅಲ್ಲಲ್ಲಿ ಅಕ್ಷರಗಳು ಸವೆದಿವೆ. ಅವನ್ನು ಬೇರೆ ಪ್ರತಿಗಳ ನೆರವಿನಿಂದ ತುಂಬಿಕೊಂಡು ಓದುತ್ತಾರೆ. ಅಂಥ ಪ್ರತಿಗಳು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಇವೆ. ಗವಿಸಿದ್ಧೇಶ್ವರ ಜಾತ್ರೆಗೆ ಕೊಪ್ಪಳಕ್ಕೆ ಹೋಗುವವರು ತೇರು ನೋಡಿ ಹಾಗೇ ತಿರುಗಬೇಡಿ. ಗವಿಮಠದ ಬೆಟ್ಟದ ಬಂಡೆಯ ಮುಂದೆ ಮಸ್ಕಿಯ ಪಾಠವನ್ನು ಕೈಯಲ್ಲಿ ಹಿಡಿದು ಸಾಲಿಗೆ ಸಾಲು ಹೋಲಿಸಿ ನೋಡಿ.